ಪಕ್ಕದ ಸೀಟಿನ ಬ್ರೇಕು

ನಮ್ಮ ಮನೆಯ ಕಾರಿಗೆ ಎರಡು ಬ್ರೇಕು. ಒಂದು ಓಡಿಸುವವರ ಕಾಲಡಿ, ಇನ್ನೊಂದು ಪಕ್ಕದಲ್ಲಿ ಕೂತವರ ಕಾಲಡಿ. ಕ್ಲಚ್ಚೂ ಹಾಗೆಯೇ. ಎರಡೂ ಕಡೆಯ ಪೆಡಲುಗಳನ್ನು ಕಬ್ಬಿಣದ ಸರಳೊಂದು ಜೋಡಿಸುತ್ತದೆ. ಒಬ್ಬರು ಒತ್ತಿದರೆ ಇನ್ನೊಬ್ಬರದೂ ತಗ್ಗುತ್ತದೆ. ಅಪ್ಪ ಅಮ್ಮ ಸೇರಿ ನಡೆಸುವ ಡ್ರೈವಿಂಗ್ ಸ್ಕೂಲಿನ ಕಾರು ಅದು. ಬೆಳಿಗ್ಗೆ ಅಪ್ಪ ಕಲಿಸುತ್ತಾರೆ, ಮಧ್ಯಾಹ್ನದ ಮೇಲೆ ಅಮ್ಮ. ಇಬ್ಬರೂ ಅರ್ಧ ಆಯಸ್ಸನ್ನು ಪಕ್ಕದ ಸೀಟಿನಲ್ಲೇ ಕಳೆದವರು. ನಮ್ಮ ಮನೆಯಲ್ಲಿ ಜಗಳ ಜೋರಾಗುವುದೇ ಇಲ್ಲ, ಯಾರಾದರೂ ಒಬ್ಬರು ಬ್ರೇಕ್ ಹಾಕಿಬಿಡುತ್ತಾರೆ ಎಂದು ನೆಂಟರು ಹೇಳಿಕೊಂಡು ನಗುತ್ತಾರೆ. ನಿಜವೇನೆಂದರೆ ಇಬ್ಬರೂ ಒಟ್ಟಿಗೇ ಹಾಕುತ್ತಾರೆ. ಮಾತು ನಡುರಸ್ತೆಯಲ್ಲಿ ನಿಂತು ಎಂಜಿನ್ ಆಫ್ ಆಗುತ್ತದೆ.

ಕಾರಿನ ನೆತ್ತಿಯ ಮೇಲೆ ಹಳದಿ ಬೋರ್ಡು. ಅದರಲ್ಲಿ ದೊಡ್ಡದೊಂದು ಕೆಂಪು ಎಲ್, ಕೆಳಗೆ ಅಪ್ಪ ತಾವೇ ಕುಂಚ ಹಿಡಿದು ಬರೆದ ಸಾಲು: ‘ಕಲಿಯುವವರಿದ್ದಾರೆ, ಸಾವಧಾನ’. ಗಾಳಿಗೆ ಹಾರಿಹೋಗದಿರಲಿ ಎಂದು ಬೋಲ್ಟು ಹಾಕಿ ಕೂರಿಸಿದ್ದರು. ಬೋಲ್ಟು ತುಕ್ಕು ಹಿಡಿದು ಕೂತುಬಿಟ್ಟಿದೆ. ಈಗ ಬೋರ್ಡು ತೆಗೆಯಬೇಕೆಂದರೆ ಕಾರಿನ ತಲೆಯನ್ನೇ ತೆಗೆಯಬೇಕು. ಹಾಗಾಗಿ ಮದುವೆಗೆ ಹೋದರೂ ಬೋರ್ಡು, ಆಸ್ಪತ್ರೆಗೆ ಹೋದರೂ ಬೋರ್ಡು. ಹಿಂದಿನಿಂದ ಬರುವವರಿಗೆ ಒಳಗೆ ಯಾರಿದ್ದಾರೆ ಎನ್ನುವುದು ಬೇಕಿಲ್ಲ. ಎಲ್ ಕಂಡರೆ ಸಾಕು, ಅಂಗೈ ತುರಿಸುತ್ತದೆ. ಸಿಗ್ನಲ್ಲು ಹಸಿರಾಗುವ ಮೊದಲೇ ಹಾರ್ನು.

ಅರ್ಧ ಊರಿಗೆ ಸ್ಟಿಯರಿಂಗ್ ಹಿಡಿಯಲು ಕಲಿಸಿದ್ದು ಅಪ್ಪ. ಆ ಅರ್ಧ ಊರೇ ಈಗ ಅವರ ಬೆನ್ನ ಹಿಂದೆ ನಿಂತು ಹಾರ್ನ್ ಒತ್ತುತ್ತದೆ. ಔಷಧಿ ಅಂಗಡಿಯವನಿಗೆ ಕ್ಲಚ್ಚು ಯಾವುದು ಬ್ರೇಕು ಯಾವುದು ಎಂದು ತಿಳಿಯುವಷ್ಟರಲ್ಲಿ ಅಪ್ಪನ ಗಂಟಲು ಕಟ್ಟಿಹೋಗಿತ್ತು. ಈಗ ಅವನು ನಮ್ಮನ್ನು ಹಿಂದಿಕ್ಕುವಾಗ ಗಾಜು ಇಳಿಸಿ, “ಸ್ವಲ್ಪ ಸೈಡಿಗೆ ಹೋಗಿ” ಎಂದು ಕೈ ಬೀಸುತ್ತಾನೆ. ಗುರುತು ಸಿಕ್ಕ ಮೇಲೆ, “ಓ, ಮಾಸ್ಟ್ರು” ಎನ್ನುತ್ತಾನೆ. ಅಷ್ಟರಲ್ಲಿ ಅವನ ಕಾರು ಎಲ್ಲೋ ಹೋಗಿರುತ್ತದೆ.

ಇನ್ನು ನನ್ನ ವಿಷಯ. ನನಗೆ ಲೈಸೆನ್ಸ್ ಇದೆ. ಮನೆಮಂದಿ ಹೊರಟರೆ ಸ್ಟಿಯರಿಂಗ್ ಹಿಡಿಯುವವಳು ನಾನೇ, ಯಾಕೆಂದರೆ ಮಿಕ್ಕ ಇಬ್ಬರಿಗೂ ಬೇಕಾಗಿರುವುದು ಪಕ್ಕದ ಸೀಟು. ಆದರೆ ಆ ಸೀಟು ಖಾಲಿ ಇರುವಾಗ ನಮ್ಮ ಕಾರು ಹೊರಡುವ ಹಾಗಿಲ್ಲ. ಇದು ಸರ್ಕಾರದ ಕಾನೂನೋ ಅಪ್ಪನ ಕಾನೂನೋ ನಾನು ವಿಚಾರಿಸಲು ಹೋಗಿಲ್ಲ. ಹಾಗಾಗಿ ನಾನು ಒತ್ತಿದ ಬ್ರೇಕಿನಲ್ಲಿ ನನ್ನದೆಷ್ಟು, ಪಕ್ಕದಲ್ಲಿ ಕೂತವರದೆಷ್ಟು ಎನ್ನುವುದು ನನಗೆ ಈವರೆಗೂ ಗೊತ್ತಾಗಿಲ್ಲ. ಪೆಡಲಿನ ಮೇಲೆ ಕಾಲಿಡುವಷ್ಟರಲ್ಲಿ ಅದು ಆಗಲೇ ಇಳಿಯುತ್ತಿರುತ್ತದೆ. ಲೈಸೆನ್ಸಿನ ಟೆಸ್ಟಿನ ದಿನವೂ ಹಾಗೇ ಆಯಿತು. ಸೇತುವೆಯ ಏರಿನ ಮೇಲೆ ನಿಲ್ಲಿಸಿ ಮತ್ತೆ ಹೊರಡಬೇಕಿತ್ತು. ಪರೀಕ್ಷೆ ಮಾಡುವವರು ಹಿಂದೆ ಕೂತಿದ್ದರು, ಅಪ್ಪ ಪಕ್ಕದಲ್ಲಿ. ಕಾರು ಒಂದು ಬೆರಳಿನಷ್ಟೂ ಹಿಂದೆ ಜಾರಲಿಲ್ಲ. ಎಲ್ಲರೂ ಶಹಬ್ಬಾಸ್ ಎಂದರು. ಆ ಶಹಬ್ಬಾಸ್ ಯಾರ ಕಾಲಿಗೆ ಸಲ್ಲಬೇಕು ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಅಪ್ಪನಿಗೆ ಬೇಜಾರಾಗುತ್ತಿತ್ತು, ಉತ್ತರ ಸಿಕ್ಕಿದ್ದರೆ ನನಗೆ.

ಹೀಗಾಗಿ ನಾನು ಸ್ಕೂಲಿನ ಮುಂದಿನ ಕೋಣೆಯಲ್ಲಿ ಮೇಜಿನ ಮೇಲೆ ಆಟಿಕೆ ಕಾರುಗಳನ್ನಿಟ್ಟುಕೊಂಡು, ಯಾರು ಯಾರಿಗೆ ದಾರಿ ಬಿಡಬೇಕು ಎಂದು ಪಾಠ ಹೇಳುತ್ತಿದ್ದೆ. ಆಟಿಕೆ ಕಾರುಗಳಿಗೆ ಬ್ರೇಕೇ ಇಲ್ಲ. ಅಲ್ಲಿ ನನಗೆ ಯಾವ ಸಂಶಯವೂ ಬರುತ್ತಿರಲಿಲ್ಲ.

ಅಷ್ಟರಲ್ಲಿ ಹಂಸ ಬಂತು.

ಅಮ್ಮನ ತಮ್ಮನಿಗೆ ನಾವಿಟ್ಟ ಹೆಸರು ಪಾಲಿಶ್ ಮಾವ. ಅವನ ಬೂಟು, ತಲೆಗೂದಲು, ಮಾತು ಮೂರೂ ಒಂದೇ ಡಬ್ಬಿಯ ಪಾಲಿಶ್ ಹಚ್ಚಿಕೊಂಡಂತೆ ಹೊಳೆಯುತ್ತವೆ. ಅವನು ಸೆಕೆಂಡ್ ಹ್ಯಾಂಡ್ ಐಷಾರಾಮಿ ಕಾರುಗಳನ್ನು ಮಾರುತ್ತಾನೆ. “ಸೆಕೆಂಡ್ ಹ್ಯಾಂಡ್ ಅನ್ಬೇಡಿ, ಅನುಭವ ಇರೋ ಕಾರು ಅನ್ನಿ” ಎನ್ನುತ್ತಾನೆ. ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಬಂದು, ತಟ್ಟೆ ಹಾಕುವ ಮೊದಲೇ ವಿಷಯ ಹಾಕಿದ.

“ಭಾವ, ಹಂಸ ಒಂದು ಬಂದಿದೆ.”

ಹಂಸ ಎಂದರೆ ಬಾನೆಟ್ಟಿನ ತುದಿಯಲ್ಲಿ ಬೆಳ್ಳಿಯ ಬಣ್ಣದ ಹಂಸ ಕತ್ತು ಎತ್ತಿ ಕೂತಿರುವ ಕಂಪನಿಯ ಕಾರು. ಅಂಥದ್ದು ಪಕ್ಕದಲ್ಲಿ ಬಂದರೆ ಜನ ತಾವಾಗಿಯೇ ದಾರಿ ಬಿಡುತ್ತಾರೆ. ಅಪ್ಪ ಮದುವೆಯಾದಾಗಿನಿಂದ ಒಂದೇ ಸಣ್ಣ ಕಾರಿನ ಕಂಪನಿಗೆ ಅಂಟಿಕೊಂಡವರು. ಒಂದು ಹಳತಾದರೆ ಅದೇ ಕಂಪನಿಯ ಇನ್ನೊಂದು. ಬಣ್ಣ ಕೂಡ ಬದಲಾಗುವುದಿಲ್ಲ, ಅಕ್ಕಪಕ್ಕದವರಿಗೆ ಹೊಸ ಕಾರು ಬಂದದ್ದೇ ತಿಳಿಯುವುದಿಲ್ಲ. ಅಂಥ ಅಪ್ಪ ನೀರಿನ ಲೋಟ ಕೆಳಗಿಟ್ಟು, “ಯಾವ ಬಣ್ಣ?” ಎಂದು ಕೇಳಿದರು.

ಅಮ್ಮ ಸೌಟು ಹಿಡಿದು ನಿಂತಳು. “ಬಣ್ಣ ಯಾಕೆ ಕೇಳ್ತೀರಿ? ನೆಂಟಸ್ತನ ಬೆಳೆಸೋಕಾ?”

“ಸುಮ್ನೆ ಕೇಳ್ದೆ ಕಣೆ.”

“ಸುಮ್ನೆ ಕೇಳೋರು ಲೋಟ ಕೆಳಗಿಡಲ್ಲ.”

“ಅಕ್ಕ, ಒಬ್ರೇ ಓಡಿಸಿರೋದು,” ಎಂದ ಮಾವ. “ಅದೂ ಭಾನುವಾರ ಮಾತ್ರ.”

“ನೀನು ಮಾರೋ ಎಲ್ಲ ಕಾರನ್ನೂ ಭಾನುವಾರ ಮಾತ್ರ ಓಡಿಸಿರ್ತಾರೆ. ವಾರವೆಲ್ಲ ಅವರು ಏನ್ ಮಾಡ್ತಿದ್ರೋ? ಅದರ ಕನ್ನಡಿ ಒಂದು ಒಡೆದ್ರೆ ಎಲ್ಲಿಂದ ತರೋದು? ನಮ್ಮ ಕಾರಿನದಾದ್ರೆ ಮೂಲೆ ಅಂಗಡೀಲಿ ಸೋಪಿನ ಪಕ್ಕ ನೇತು ಹಾಕಿರ್ತಾರೆ.”

“ಕನ್ನಡಿ ಯಾಕೆ ಒಡೆಯುತ್ತೆ ಅಕ್ಕ?”

“ನಮ್ಮ ಕೆಲಸವೇ ಅದು. ನಾವು ಕಲಿಸೋದು ಕನ್ನಡಿ ಒಡೆಯೋರಿಗೆ.”

ಆಗ ಅಪ್ಪ ತಮ್ಮ ಯೋಜನೆಯನ್ನು ಹೊರಗೆ ತೆಗೆದರು. ಎಷ್ಟು ದಿನದಿಂದ ಮನಸ್ಸಿನಲ್ಲಿ ಅರೆಯುತ್ತಿದ್ದರೋ, ಒಂದು ಗಂಟೂ ಇಲ್ಲದಂತೆ ಬಂತು. ಹಂಸ ಸ್ಕೂಲಿಗಲ್ಲ, ಮನೆಗೆ. ಬೋರ್ಡಿಲ್ಲದೆ ಒಂದು ಸಲ, ಒಂದೇ ಒಂದು ಸಲ, ಯಾರ ಮದುವೆಗಾದರೂ ಹೋಗಿ ಇಳಿಯಬೇಕು. ಹಳೆಯ ಕಾರು ಪೂರ್ತಿ ಸ್ಕೂಲಿಗೆ. ಅದರಲ್ಲಿ ಕಲಿಸುವುದಕ್ಕೆ ಇನ್ನು ಮೂರನೆಯವರು.

“ಯಾರು ಮೂರನೆಯವರು?” ಎಂದೆ ನಾನು.

ಅಪ್ಪ, ಅಮ್ಮ, ಮಾವ ಮೂವರೂ ನನ್ನನ್ನೇ ನೋಡಿದರು.

“ಅದೊಂದು ಸರಿಯಾದ ಮಾತು,” ಎಂದಳು ಅಮ್ಮ. ಹಂಸ ಬೇಡ ಎನ್ನುತ್ತಿದ್ದವಳು ಅರ್ಧ ಒಪ್ಪಿಬಿಟ್ಟಳು. “ಇವಳು ಆಟಿಕೆ ಕಾರು ತಳ್ಳಿಕೊಂಡು ಎಷ್ಟು ದಿನ ಕೂರ್ತಾಳೆ?”

ಅನ್ನ ನನ್ನ ಗಂಟಲಲ್ಲೇ ಪಾರ್ಕ್ ಆಯಿತು. ಹಂಸ ಬಂದರೆ ಪಕ್ಕದ ಸೀಟು ನನಗೆ. ಅಲ್ಲಿ ಕೂತು, ತಾನು ಓಡಿಸಬಲ್ಲೆನೋ ಇಲ್ಲವೋ ಎಂದು ಸ್ವತಃ ತಿಳಿಯದವಳು, ಬೇರೆಯವರಿಗೆ ಧೈರ್ಯ ಹೇಳಬೇಕು. ಹಂಸ ಬರದಿದ್ದರೆ ಬಚಾವ್. ನಾನು ಆ ಕ್ಷಣದಲ್ಲೇ ಹಂಸದ ಕಡು ವೈರಿಯಾದೆ.

“ಅದು ಪೆಟ್ರೋಲ್ ಕುಡಿಯುತ್ತಂತೆ ಅಪ್ಪ,” ಎಂದೆ.

“ಕುಡೀಲಿ. ಯಾವಾಗ್ಲೋ ಒಂದ್ಸಲ ಹೊರಗೆ ಹೋಗೋದು.”

“ಬಾಗಿಲು ಭಾರವಂತೆ. ಬೆರಳು ಸಿಕ್ಕಿದ್ರೆ ಕಥೆ ಮುಗೀತು.”

“ಬೆರಳು ಯಾಕೆ ಬಾಗಿಲಲ್ಲಿ ಇಡ್ತೀಯ?” ಎಂದ ಮಾವ.

ಮಾರನೆಯ ಬೆಳಿಗ್ಗೆ ಹಲ್ಲಿನ ಡಾಕ್ಟರಿಗೆ ಸುದ್ದಿ ಮುಟ್ಟಿತು. ಈ ಡಾಕ್ಟರು ನಮ್ಮ ಸ್ಕೂಲಿನ ಖಾಯಂ ವಿದ್ಯಾರ್ಥಿ. ಲೈಸೆನ್ಸ್ ಸಿಕ್ಕಿ ಯಾವುದೋ ಕಾಲವಾಗಿದೆ, ಮನೆಯಲ್ಲಿ ಸ್ವಂತ ಕಾರು ಹೊದಿಕೆ ಹೊದ್ದು ಮಲಗಿದೆ, ಆದರೂ ವಾರವಾರ ಪಾಠಕ್ಕೆ ಬರುತ್ತಾರೆ. ಪಕ್ಕದವರ ಬಳಿ ಬ್ರೇಕ್ ಇಲ್ಲದ ಕಾರಿನಲ್ಲಿ ತಮಗೆ ಕೈ ನಡುಗುತ್ತದೆ ಎನ್ನುತ್ತಾರೆ. ಹಲ್ಲು ಕೀಳುವ ಮನುಷ್ಯ ಹೀಗೆ ಹೇಳಿದರೆ ಕೇಳುವವರಿಗೆ ಹೇಗನ್ನಿಸಬೇಕು?

“ಈ ಕಾರು ಇರುತ್ತೆ ತಾನೆ?” ಎಂದು ಬಾಗಿಲಲ್ಲೇ ನಿಂತು ಕೇಳಿದರು.

“ಇರುತ್ತೆ ಡಾಕ್ಟ್ರೇ,” ಎಂದೆ. “ಕಲಿಸೋರು ಮಾತ್ರ ಬದಲಾಗಬಹುದು.”

“ಯಾರು ಬರ್ತಾರೆ?”

“ನಾನು.”

ಡಾಕ್ಟರು ನನ್ನ ಮುಖ ನೋಡಲಿಲ್ಲ, ಪಾದ ನೋಡಿದರು. “ಚಪ್ಪಲಿ ಹಾಕ್ಕೊಂಡು ಬರಬೇಡಿ,” ಎಂದರು. “ಜಾರುತ್ತೆ.”

ಭಾನುವಾರ ಮಾವನ ಅಂಗಳಕ್ಕೆ ಹೋದೆವು. ನಾನು ಓಡಿಸಿದೆ, ಅಪ್ಪ ಪಕ್ಕದಲ್ಲಿ, ಅಮ್ಮ ಹಿಂದೆ. ಸಾಲಾಗಿ ನಿಂತ ಕಾರುಗಳ ನಡುವೆ ನಮ್ಮ ಬೋರ್ಡಿನ ಕಾರು ನುಗ್ಗಿದಾಗ, ಯಾವುದೋ ಗಿರಾಕಿಯ ಹೆಂಡತಿ ಗಂಡನ ತೋಳು ಹಿಡಿದು ಪಕ್ಕಕ್ಕೆ ಎಳೆದುಕೊಂಡಳು. ಮಾವ ಓಡಿ ಬಂದು, “ಇದನ್ನ ಹಿಂದುಗಡೆ ನಿಲ್ಸು ಪುಟ್ಟಿ, ಜನ ಹೆದರ್ತಾರೆ” ಎಂದ.

ಹಂಸ ಕಪ್ಪು ಬಣ್ಣದ್ದು. ನಿಂತಲ್ಲೇ ಎಲ್ಲಿಗೋ ಹೊರಟಂತೆ ಕಾಣುತ್ತಿತ್ತು. ಅಪ್ಪ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬೆಳ್ಳಿ ಹಂಸದ ಕೊಕ್ಕನ್ನು ಹೆಬ್ಬೆರಳಿನಿಂದ ಮುಟ್ಟಿ, ಯಾರಾದರೂ ನೋಡಿದರೇನೋ ಎಂದು ಕೈ ಹಿಂದೆ ಕಟ್ಟಿಕೊಂಡರು. ಅಮ್ಮ ಬಾನೆಟ್ ತೆಗೆಸಿದಳು. ಒಳಗೆ ಎಂಜಿನ್ ಕಾಣಲಿಲ್ಲ. ಮುಚ್ಚಳ, ಅದರ ಪಕ್ಕ ಇನ್ನೊಂದು ಮುಚ್ಚಳ.

“ಎಂಜಿನ್ ಎಲ್ಲೋ?”

“ಒಳಗಿದೆ ಅಕ್ಕ.”

“ತೋರಿಸೋಕೆ ನಾಚಿಕೆಯಾ ಅದಕ್ಕೆ?”

“ಅದನ್ನೆಲ್ಲ ನೋಡೋಕೆ ಹೋಗಬಾರದು. ಬನ್ನಿ, ಓಡಿಸಿ ನೋಡಿ ಭಾವ,” ಎಂದು ಮಾವ ಕೀಲಿ ಚಾಚಿದ.

ಅಪ್ಪ ಕೀಲಿ ತೆಗೆದುಕೊಂಡು, ನೇರವಾಗಿ ಹೋಗಿ ಪಕ್ಕದ ಸೀಟಿನ ಬಾಗಿಲು ತೆರೆದು ಕೂತರು. ಅದೇ ಹೊತ್ತಿಗೆ ಅಮ್ಮನೂ ಅದೇ ಬಾಗಿಲಿಗೆ ಬಂದಿದ್ದಳು.

“ರೀ, ನೀವು ಓಡಿಸಬೇಕು. ನಾನಿಲ್ಲಿ ಕೂರ್ತೀನಿ.”

“ನೀನು ಓಡಿಸು. ನಾನು ನೋಡ್ಕೋತೀನಿ.”

“ನೋಡ್ಕೊಳ್ಳೋದಕ್ಕೆ ನಾನಿದ್ದೀನಿ.”

ಕಾರು ಮಾರುವ ಕಸುಬಿನಲ್ಲಿ ಮಾವ ಸ್ಟಿಯರಿಂಗಿಗಾಗಿ ಕಿತ್ತಾಡುವವರನ್ನು ಬೇಕಾದಷ್ಟು ನೋಡಿರಬೇಕು. ಪಕ್ಕದ ಸೀಟಿಗಾಗಿ ಕಿತ್ತಾಡುವವರನ್ನು ನೋಡಿರಲಿಲ್ಲ. ಬಾಯಿ ತೆರೆದು ಒಮ್ಮೆ ಅಕ್ಕನನ್ನು, ಒಮ್ಮೆ ಭಾವನನ್ನು ನೋಡಿದ. ಕೊನೆಗೆ ಅಪ್ಪ ಕೀಲಿಯನ್ನು ಕಿಟಕಿಯಿಂದ ನನ್ನ ಕಡೆ ಎಸೆದರು. “ನೀನೇ ಹತ್ತು.”

ಹೀಗೆ ಹಂಸದ ಕಡು ವೈರಿ ಹಂಸದ ಹೆಗಲೇರಿ ಕೂತಳು.

ಬಾಗಿಲು ದಪ್ಪ ಪುಸ್ತಕ ಮುಚ್ಚಿದ ಹಾಗೆ ಮುಚ್ಚಿತು. ಹೊರಗಿನ ಸದ್ದೆಲ್ಲ ಹೊರಗೇ ಉಳಿಯಿತು. ಇದಕ್ಕೆ ಕ್ಲಚ್ಚೇ ಇಲ್ಲ. ನನ್ನ ಎಡಗಾಲಿಗೆ ಕೆಲಸ ಹೋಗಿ, ಅದು ಮೂಲೆಯಲ್ಲಿ ಮುದುಡಿಕೊಂಡಿತು. ಅಪ್ಪ ಬಗ್ಗಿ ತಮ್ಮ ಕಾಲಡಿಯ ಹಾಸನ್ನು ಎತ್ತಿ ನೋಡುತ್ತಿದ್ದರು.

“ಏನ್ ಬಿತ್ತು ಭಾವ?” ಎಂದ ಹಿಂದೆ ಕೂತ ಮಾವ.

“ಏನಿಲ್ಲ. ಇಲ್ಲೊಂದು ಪೆಡಲ್ ಕೂರಿಸೋಕೆ ಆಗುತ್ತಾ?”

“ಭಾವ,” ಎಂದ ಮಾವ, ಎದೆಯ ಮೇಲೆ ಕೈಯಿಟ್ಟುಕೊಂಡು, “ಇದು ಹಂಸ.”

ಹೊರಟೆವು. ಬೋರ್ಡಿಲ್ಲದ ಕಾರಿನಲ್ಲಿ ರಸ್ತೆ ಬೇರೆಯೇ ಆಗಿತ್ತು. ಅಡ್ಡರಸ್ತೆಯಿಂದ ನುಗ್ಗಲು ಬಂದವರು ನಿಂತರು. ಬಸ್ಸೊಂದು ಮರ್ಯಾದೆಯಿಂದ ಪಕ್ಕಕ್ಕೆ ಸರಿಯಿತು. ಹಾರ್ನೇ ಇಲ್ಲ. ಅಪ್ಪ ಎದೆ ಸೆಟೆಸಿ ಎಡಬಲ ನೋಡುತ್ತಿದ್ದರು, ಗುರುತಿನವರು ಯಾರಾದರೂ ಸಿಕ್ಕಿಯಾರೇ ಎಂದು.

“ಏನೋ ಸುಡ್ತಿದೆ,” ಎಂದಳು ಅಮ್ಮ ಹಿಂದಿನಿಂದ. “ನನ್ನ ಸೀಟು ಬಿಸಿಯಾಗ್ತಿದೆ. ನಿಲ್ಸೇ.”

“ಅಕ್ಕ, ಅದು ಸೌಕರ್ಯ. ಬೆನ್ನಿಗೆ ಒಳ್ಳೇದು.”

ಸ್ವಲ್ಪ ಹೊತ್ತಿನ ಮೇಲೆ ಕನ್ನಡಿಯಲ್ಲಿ ನೋಡಿದರೆ ಅಮ್ಮ ಕಣ್ಣು ಅರ್ಧ ಮುಚ್ಚಿಕೊಂಡು ಬೆನ್ನು ಒರಗಿಸಿದ್ದಳು. ನನ್ನ ಕಡೆಯ ಒಂದೇ ಒಂದು ವೋಟು ಬಿಸಿ ಸೀಟಿನಲ್ಲಿ ಕರಗುತ್ತಿರುವುದು ಕಣ್ಣಿಗೆ ಕಾಣುತ್ತಿತ್ತು.

ಮುಂದೆ ಒಂದು ಟೆಂಪೋ ಹಾಸಿಗೆಗಳನ್ನು ಏರಿಸಿಕೊಂಡು ಹೋಗುತ್ತಿತ್ತು. ಹಗ್ಗ ಸಡಿಲವಾಗಿರುವುದು ನನಗೆ ಕಂಡಿತು. ಅಯ್ಯೋ ಎಂದುಕೊಳ್ಳುವಷ್ಟರಲ್ಲಿ ಮೇಲಿನ ಹಾಸಿಗೆ ಎದ್ದು ಕೂತಂತೆ ಬಾಗಿ, ಜಾರಿ, ರಸ್ತೆಯ ಮೇಲೆ ಅಂಗಾತ ಬಿತ್ತು. ನಾನು ಬ್ರೇಕ್ ಒತ್ತಿದೆ. ಹಂಸ ಮೂಗು ಬಗ್ಗಿಸಿ, ಮಲಗಲು ಬಂದಂತೆ, ಹಾಸಿಗೆಯ ಅಂಚಿಗೆ ಬಂದು ನಿಂತಿತು.

ಎಲ್ಲರೂ ಒಮ್ಮೆ ಉಸಿರುಬಿಟ್ಟರು.

“ಸರಿಯಾದ ಹೊತ್ತಿಗೆ ಹಾಕಿದೆ,” ಎಂದರು ಅಪ್ಪ.

“ಏನನ್ನ?”

“ಬ್ರೇಕು. ನಾನು ಹಾಕದೇ ಇದ್ದಿದ್ರೆ ಮೇಲೆ ಹತ್ತಿಬಿಡ್ತಿತ್ತು.”

“ನಾನೂ ಹಾಕಿದೆ,” ಎಂದಳು ಅಮ್ಮ ಹಿಂದಿನಿಂದ.

“ನಾನೂ ಏನೋ ಒತ್ತಿದೆ,” ಎಂದ ಮಾವ. “ಅಕ್ಕನ ಕಾಲಿರಬೇಕು.”

“ಅಪ್ಪ, ಕೆಳಗೆ ನೋಡಿ,” ಎಂದೆ.

ಅಪ್ಪ ನೋಡಿದರು. ಅವರ ಬೂಟಿನ ಕೆಳಗೆ ಹಾಸು ಮುದುರಿ ಮುದ್ದೆಯಾಗಿತ್ತು. ಅದರಾಚೆ ಏನೂ ಇರಲಿಲ್ಲ. ಅವರು ಕಾಲನ್ನು ನಿಧಾನವಾಗಿ ಎತ್ತಿ, ಬೇರೆಯವರ ಕಾಲನ್ನು ನೋಡುವ ಹಾಗೆ ನೋಡಿದರು. ಹೊರಗೆ ಟೆಂಪೋದವರು ಇಳಿದು ಬಂದು, ಹಂಸಕ್ಕೆ ಕೈ ಮುಗಿದು, ಹಾಸಿಗೆ ಎತ್ತಿಕೊಂಡು ಹೋದರು.

ಈ ಕಾರನ್ನು ನಿಲ್ಲಿಸಿದ್ದು ನಾನು. ಬೇರೆ ಯಾರೂ ನಿಲ್ಲಿಸಿರಲು ಸಾಧ್ಯವೇ ಇಲ್ಲ. ನನಗೆ ನಗು ಬಂತು, ಜೊತೆಗೆ ಧೈರ್ಯವೂ. ಆ ಧೈರ್ಯದಲ್ಲಿ ಕೇಳಿಬಿಟ್ಟೆ.

“ಅಪ್ಪ, ನನ್ನ ಟೆಸ್ಟಿನ ದಿನ, ಏರಿನ ಮೇಲೆ ಬ್ರೇಕ್ ಹಿಡಿದಿದ್ದು ಯಾರು?”

ಅಪ್ಪ ಮುದುರಿದ ಹಾಸನ್ನು ಬೂಟಿನ ತುದಿಯಿಂದ ನೇರ ಮಾಡಿದರು. “ನೀನೇ ಇರಬೇಕು.”

“ಇರಬೇಕು ಅಂದ್ರೆ?”

“ನನ್ನ ಕಾಲು ಏನ್ ಮಾಡುತ್ತೆ ಅಂತ ಈಗ ತಾನೆ ನೋಡಿದ್ಯಲ್ಲ. ನನ್ನನ್ನ ಕೇಳಿದ್ರೆ ನಾನೇನ್ ಹೇಳ್ಲಿ?”

“ಕಾರು ಜಾರಲಿಲ್ಲ ತಾನೆ,” ಎಂದಳು ಅಮ್ಮ, ಬಿಸಿ ಸೀಟಿನಿಂದ ಏಳದೆ. “ಅಷ್ಟಾದ್ರೆ ಆಯ್ತಲ್ಲ.”

ಅಷ್ಟಾದರೆ ಆಗುತ್ತಿರಲಿಲ್ಲ. ನನ್ನ ಕಾಲು ಹಂಸವನ್ನು ನಿಲ್ಲಿಸಬಲ್ಲದು ಎಂದು ತಿಳಿಯಿತು, ಸರಿ. ಹಂಸವನ್ನು ಯಾರು ಬೇಕಾದರೂ ನಿಲ್ಲಿಸಬಹುದು, ಕಾಲಿಟ್ಟರೆ ತಾನೇ ನಿಲ್ಲುತ್ತದೆ. ನಾನು ಕಲಿಸಬೇಕಾಗಿದ್ದದ್ದು ಹಳೆಯ ಕಾರಿನಲ್ಲಿ, ಏರಿನಲ್ಲಿ ಜಾರುವ, ಕ್ಲಚ್ಚು ಕಚ್ಚಿದರೆ ಕೆಮ್ಮುವ ಕಾರಿನಲ್ಲಿ.

ಅಂಗಳಕ್ಕೆ ವಾಪಸು ಬಂದಾಗ ಮಾವ ಕೊನೆಯ ಪಟ್ಟು ಹಾಕಿದ. “ಭಾವ, ಈಗಲೇ ಏನೂ ಹೇಳಬೇಡಿ. ಇವತ್ತು ಮನೆಗೆ ತಗೊಂಡ್ ಹೋಗಿ. ಬಾಗಿಲ ಮುಂದೆ ನಿಲ್ಸಿ ನೋಡಿ. ಬೆಳಿಗ್ಗೆ ಹೇಳಿ.”

“ಒಂದು ದಿನ ಇಟ್ಕೊಂಡ್ರೆ ತಪ್ಪೇನು?” ಎಂದಳು ಅಮ್ಮ. ಬೇಡ ಎಂದವಳು ಅವಳೇ ಅಂದರೆ ಯಾರೂ ನಂಬುವಂತಿರಲಿಲ್ಲ.

ಆಗ ಲೆಕ್ಕ ತಪ್ಪಿತು. ಎರಡು ಕಾರು, ನಾವು ಮೂರು ಜನ. ಅಪ್ಪನಿಗೆ ಹಂಸ ಓಡಿಸುವ ಆಸೆ ಹುಟ್ಟಿತ್ತು, ಪಕ್ಕದಲ್ಲಿ ಯಾರೂ ಇಲ್ಲದೆ ಓಡಿಸುವ ಧೈರ್ಯ ಹುಟ್ಟಿರಲಿಲ್ಲ. ಅಮ್ಮನಿಗೆ ಮುಂದಿನ ಸೀಟೂ ಬಿಸಿಯಾಗುತ್ತದೆಯೇ ಎಂದು ನೋಡಬೇಕಿತ್ತು. ಮಾವ ಗಿರಾಕಿಗಳನ್ನು ಬಿಟ್ಟು ಬರುವ ಹಾಗಿಲ್ಲ. ಉಳಿದವಳು ನಾನು, ಉಳಿದದ್ದು ಬೋರ್ಡಿನ ಕಾರು.

“ಪಕ್ಕದ ಸೀಟು ಖಾಲಿ ಇರುತ್ತಲ್ಲ,” ಎಂದರು ಅಪ್ಪ.

“ಇರ್ಲಿ ಬಿಡಿ,” ಎಂದಳು ಅಮ್ಮ. “ಅವಳು ಬರ್ತಾಳೆ.”

ಅಪ್ಪ ನಮ್ಮ ಹಳೆಯ ಕಾರಿನ ಬಾಗಿಲು ತೆರೆದು, ಪಕ್ಕದ ಸೀಟನ್ನು ಒಮ್ಮೆ ಕೈಯಿಂದ ತಟ್ಟಿದರು, ಅಲ್ಲಿ ಯಾರನ್ನೋ ಕೂರಿಸಿ ಹೋಗುವ ಹಾಗೆ.

ನಾನು ಒಬ್ಬಳೇ ಹೊರಟೆ. ಕ್ಲಚ್ಚು ಒತ್ತಿದೆ. ಪಕ್ಕದಲ್ಲಿ, ಯಾರೂ ಇಲ್ಲದ ಜಾಗದಲ್ಲಿ, ಕ್ಲಚ್ಚು ತಾನಾಗಿ ತಗ್ಗಿತು. ಬ್ರೇಕ್ ಒತ್ತಿದೆ, ಅದೂ ತಗ್ಗಿತು. ಬಿಟ್ಟೆ, ಎದ್ದಿತು. ಕಣ್ಣಿಗೆ ಕಾಣದ ಯಾರೋ ನನ್ನನ್ನು ಅಣಕಿಸುತ್ತಿರುವಂತೆ. ಇಷ್ಟು ದಿನ ನಾನು ಆಲೋಚಿಸಿದ್ದು ಒಂದೇ ದಿಕ್ಕಿನಲ್ಲಿ: ಅಪ್ಪನ ಕಾಲು ನನ್ನ ಪೆಡಲನ್ನು ಇಳಿಸುತ್ತದೆ ಎಂದು. ನನ್ನ ಕಾಲೂ ಅಪ್ಪನ ಪೆಡಲನ್ನು ಇಳಿಸುತ್ತಿತ್ತು ಎನ್ನುವುದು ತಲೆಗೆ ಹೊಳೆದೇ ಇರಲಿಲ್ಲ. ಅವರಿಗೂ ಗೊತ್ತಾಗುತ್ತಿರಲಿಲ್ಲ, ಪಾಪ.

ಹಿಂದಿನವರು ಎಂದಿನಂತೆ ಹಾರ್ನ್ ಹೊಡೆದರು. ಔಷಧಿ ಅಂಗಡಿಯವನು ಕೈ ಬೀಸಿಕೊಂಡು ಮುಂದೆ ಹೋದ. ಸೇತುವೆ ಬಂತು. ಅದೇ ಏರು. ಏರಿನ ತುದಿಯಲ್ಲಿ ಸಿಗ್ನಲ್ಲು ಕೆಂಪಾಗಿತ್ತು. ನಾನು ಏರಿನ ನಡುವೆ ನಿಂತೆ, ಹ್ಯಾಂಡ್ ಬ್ರೇಕ್ ಎಳೆದೆ, ಕನ್ನಡಿ ನೋಡಿದೆ.

ಕನ್ನಡಿ ತುಂಬ ಹಂಸ. ಬೆಳ್ಳಿ ಕೊಕ್ಕು ನಮ್ಮ ಕಾರಿನ ಬಾಲಕ್ಕೆ ತಾಗುವಷ್ಟು ಹತ್ತಿರ. ಏರಿನಲ್ಲಿ ಮುಂದಿನ ಕಾರಿನ ಚಕ್ರ ಪೂರ್ತಿ ಕಾಣುವಷ್ಟು ದೂರದಲ್ಲಿ ನಿಲ್ಲಬೇಕು ಎಂದು ಜಗತ್ತಿಗೆ ಕಲಿಸಿದ ಮನುಷ್ಯ ಅಲ್ಲಿ ಕೂತಿದ್ದರು. ನಾನು ಚೂರು ಜಾರಿದರೂ ಇನ್ನೂ ಕೊಳ್ಳದ ಕಾರಿನ ಕೊಕ್ಕು ಮುರಿಯುತ್ತದೆ. ಆಮೇಲೆ ಕೊಳ್ಳಬೇಕೋ ಬೇಡವೋ ಎಂಬ ಪ್ರಶ್ನೆಯೇ ಇರುವುದಿಲ್ಲ.

ಸಿಗ್ನಲ್ಲು ಹಸಿರಾಯಿತು. ನಾನು ಕ್ಲಚ್ಚನ್ನು ಕಚ್ಚುವ ಜಾಗಕ್ಕೆ ತರುತ್ತಿದ್ದೆ.

ಹಿಂದಿನಿಂದ ಹಾರ್ನ್ ಬಂತು. ಮೆತ್ತಗಿನ, ದುಬಾರಿಯಾದ, ಉದ್ದನೆಯ ಹಾರ್ನು.

ನಾನು ಅವಸರ ಮಾಡಲಿಲ್ಲ. ಮೊದಲು ಒಳಗಿನ ಕನ್ನಡಿ, ಆಮೇಲೆ ಹೊರಗಿನ ಕನ್ನಡಿ, ಆಮೇಲೆ ಭುಜದ ಮೇಲಿಂದ ಒಂದು ನೋಟ, ಅವರೇ ಹೇಳಿಕೊಟ್ಟ ಹಾಗೆ. ಹಾರ್ನ್ ಇನ್ನೊಮ್ಮೆ ಬಂತು. ನನ್ನ ಎಂಜಿನ್ನಿನ ದನಿ ತಗ್ಗಿ, ಬಾನೆಟ್ಟು ಸ್ವಲ್ಪ ಮೇಲೆದ್ದಿತು. ಹ್ಯಾಂಡ್ ಬ್ರೇಕ್ ಬಿಟ್ಟೆ. ಪಕ್ಕದ ಖಾಲಿ ಜಾಗದಲ್ಲಿ ಕ್ಲಚ್ಚು ಮೆಲ್ಲಗೆ ಮೇಲೆ ಬಂತು. ಹಳೆಯ ಕಾರು ಒಮ್ಮೆ ಕೆಮ್ಮಿ, ಒಂದು ಬೆರಳಿನಷ್ಟೂ ಜಾರದೆ, ಏರು ಹತ್ತಿತು.

ಶಹಬ್ಬಾಸ್ ಅನ್ನಲು ಯಾರೂ ಇರಲಿಲ್ಲ. ನಾನೇ ಅಂದುಕೊಂಡೆ.

ನಾನು ಮನೆಯ ಮುಂದೆ ಇಳಿದಾಗ ಅಪ್ಪ ಹಂಸದಿಂದ ಇಳಿಯಲಿಲ್ಲ. ಸ್ಟಿಯರಿಂಗ್ ಹಿಡಿದು ಕೂತೇ ಇದ್ದರು. ಅಮ್ಮ ಪಕ್ಕದಲ್ಲಿ ಬಾಯಿಗೆ ಸೆರಗು ಹಿಡಿದು ನಗು ತಡೆಯುತ್ತಿದ್ದಳು. ನಾನು ಕಿಟಕಿಯ ಹತ್ತಿರ ಹೋದೆ. ಗಾಜು ಸದ್ದಿಲ್ಲದೆ ಇಳಿಯಿತು.

“ನಾನು ಹಾರ್ನ್ ಮಾಡಿದ್ನಾ?” ಎಂದು ಕೇಳಿದರು ಅಪ್ಪ.

“ಎರಡು ಸಲ.”

“ಕೈ ತಾನಾಗೇ ಹೋಯ್ತು. ಮುಂದೆ ಯಾವುದೋ ಎಲ್ ಬೋರ್ಡು, ಹಸಿರಾದ್ರೂ ಹೊರಡ್ತಿಲ್ಲ ಅನ್ನಿಸ್ತು.” ಅವರು ಬೋರ್ಡಿನ ಕಡೆ ನೋಡಿದರು. “ಸಾವಧಾನ ಅಂತ ಬರೆದಿರೋದು ಓದಿದೆ ಕೂಡ. ನಾನೇ ಬರೆದಿದ್ದು ಅಂತ ಆಮೇಲೆ ಹೊಳೀತು.”

“‘ಯಾವ ಕತ್ತೆ ಓಡಿಸ್ತಿದೆಯೋ’ ಅಂದ್ರು,” ಎಂದಳು ಅಮ್ಮ. “ಅದನ್ನೂ ಹೇಳಿ.”

“ಅಂದ್ನಾ?”

“ಅಂದ್ರಿ. ನಾನು ಅದು ನಮ್ಮ ಮಗಳು ಅಂದೆ. ನೀವು ‘ಯಾರ ಮಗಳಾದ್ರೇನು’ ಅಂದ್ರಿ.”

ಅಪ್ಪ ಇಳಿದರು. ಬಾಗಿಲು ದಪ್ಪ ಪುಸ್ತಕದಂತೆ ಮುಚ್ಚಿಕೊಂಡಿತು. ಊಟ ಮುಗಿಯಿತು. ಕೈ ತೊಳೆದು ಬರುವಾಗ ಅಪ್ಪ, ಗೋಡೆಗೆ ಹೇಳುವವರಂತೆ, “ಆ ಕಾರಲ್ಲಿ ಕೂತ್ರೆ ಮುಂದೆ ಇರೋರೆಲ್ಲ ಅಡ್ಡ ನಿಂತ ಹಾಗೆ ಕಾಣ್ತಾರೆ” ಎಂದರು. ಅಷ್ಟಕ್ಕೇ ತೀರ್ಮಾನವಾಯಿತು. ಅಮ್ಮ ಮಾತ್ರ ಸಂಜೆ ಹೊರಗೆ ಹೋಗಿ, ನಿಂತ ಕಾರಿನಲ್ಲಿ ಬೆನ್ನು ಕಾಯಿಸಿಕೊಂಡು ಬಂದಳು.

ಬೆಳಿಗ್ಗೆ ಮಾವ ಬಂದ. ಕೀಲಿ ಕೈಗೆ ಬಿದ್ದ ಕೂಡಲೇ ಅವನ ಪಾಲಿಶ್ ಒಂದಿಷ್ಟು ಮಾಸಿತು.

“ಏನ್ ತೊಂದರೆ ಭಾವ? ಹೇಳಿ, ಸರಿ ಮಾಡಿಸ್ತೀನಿ.”

“ಹಾರ್ನು.”

“ಕೆಲಸ ಮಾಡ್ತಿಲ್ವಾ?”

“ಮಾಡುತ್ತೆ. ಅದೇ ತೊಂದರೆ.”

ಮಾವ ಅಮ್ಮನ ಕಡೆ ನೋಡಿದ. “ನನಗೇನೂ ಅರ್ಥವಾಗಲ್ಲಪ್ಪ,” ಎಂದಳು ಅಮ್ಮ. “ಆ ಸೀಟು ಒಂದನ್ನೇ ಬಿಚ್ಚಿ ಕೊಡೋಕೆ ಆಗುತ್ತೇನೋ ನೋಡು.”

ಹಂಸ ಹೊರಟು ಹೋಯಿತು. ಅದರ ಜೊತೆಗೆ ಅಪ್ಪನ ಯೋಜನೆಯೂ ಹೋದಂತೆ. ಮೂರನೆಯವರ ಮಾತನ್ನು ಯಾರೂ ತೆಗೆಯಲಿಲ್ಲ. ನಾನು ಬಚಾವಾಗಿದ್ದೆ. ಮುಂದಿನ ಕೋಣೆಯಲ್ಲಿ ಆಟಿಕೆ ಕಾರುಗಳು ಕಾಯುತ್ತಿದ್ದವು. ಗೇಟಿನಲ್ಲಿ ಹಲ್ಲಿನ ಡಾಕ್ಟರೂ ಕಾಯುತ್ತಿದ್ದರು.

ಅಪ್ಪ ಬೂಟಿಗೆ ಕಾಲು ತೂರಿಸುತ್ತಿದ್ದರು. ನಾನು ಮೊಳೆಯಿಂದ ಕೀಲಿ ತೆಗೆದುಕೊಂಡೆ. “ನೀವು ಕೂತ್ಕೊಳ್ಳಿ. ಡಾಕ್ಟ್ರನ್ನ ನಾನು ಕರ್ಕೊಂಡ್ ಹೋಗ್ತೀನಿ.”

ಅಪ್ಪ ಒಂದು ಕಾಲು ಬೂಟಿನಲ್ಲಿ, ಒಂದು ಕಾಲು ನೆಲದಲ್ಲಿ ಇಟ್ಟುಕೊಂಡು ಹಾಗೇ ನಿಂತರು. “ಏರಿನ ಹತ್ರ ಜೋಪಾನ,” ಎಂದರು. ಆಮೇಲೆ, “ಅವರಿಗೆ ಹೇಳ್ದೆ. ನಿನಗಲ್ಲ.”

ಡಾಕ್ಟರು ನನ್ನ ಪಾದ ನೋಡಿ, ಚಪ್ಪಲಿ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಸ್ಟಿಯರಿಂಗ್ ಹಿಡಿದರು. ನಾನು ಪಕ್ಕದ ಸೀಟಿನಲ್ಲಿ ಕೂತೆ. ಅಲ್ಲಿಂದ ರಸ್ತೆ ಬೇರೆ ಥರ ಕಾಣುತ್ತದೆ, ಎಲ್ಲವೂ ಸ್ವಲ್ಪ ಹೆಚ್ಚು ಹತ್ತಿರ. ನನ್ನ ಪೆಡಲುಗಳು ಡಾಕ್ಟರ ಕಾಲಿಗೆ ತಕ್ಕಂತೆ ಏಳುತ್ತಾ ಬೀಳುತ್ತಾ ಇದ್ದವು. ನಾನು ಕಾಲುಗಳನ್ನು ದೂರ ಇಟ್ಟುಕೊಂಡೆ. ಇವತ್ತು ಈ ಮನುಷ್ಯನಿಗೆ ತನ್ನ ಬ್ರೇಕ್ ತಾನೇ ಹಾಕಿಕೊಂಡ ಸುಖ ಸಿಗಲಿ ಎಂದು ನಿಶ್ಚಯಿಸಿದ್ದೆ.

ಸೇತುವೆಯ ಏರಿನಲ್ಲಿ ಸಿಗ್ನಲ್ಲು ಕೆಂಪಾಯಿತು. ಮುಂದೆ ಒಂದು ಸೈಕಲ್ಲು. ಕಾರು ನಿಂತಿತು, ನಯವಾಗಿ, ಸರಿಯಾದ ದೂರದಲ್ಲಿ.

ಡಾಕ್ಟರು ಉಸಿರು ಬಿಗಿಹಿಡಿದು ನನ್ನ ಕಡೆ ತಿರುಗಿದರು. “ಬ್ರೇಕ್ ಹಾಕಿದ್ದು ನಾನಾ, ನೀವಾ?”

ನಾನು ಕೆಳಗೆ ನೋಡಿದೆ. ದೂರ ಇಟ್ಟಿದ್ದ ನನ್ನ ಬಲಗಾಲು ಯಾವಾಗ ಹೋಗಿತ್ತೋ, ಪೆಡಲಿನ ಮೇಲೆ ಹಾಯಾಗಿ ಕೂತಿತ್ತು.

“ಗೊತ್ತಾಗ್ಲಿಲ್ಲ ಡಾಕ್ಟ್ರೇ,” ಎಂದೆ. “ಒಂದು ಸುತ್ತು ಹಾಕಿ, ಇನ್ನೊಂದ್ಸಲ ನೋಡೋಣ.”

ಹಿಂದಿನಿಂದ ಯಾರೋ ಹಾರ್ನ್ ಹೊಡೆದರು. ಸಿಗ್ನಲ್ಲು ಇನ್ನೂ ಕೆಂಪಾಗಿಯೇ ಇತ್ತು.